ನೈಸರ್ಗಿಕ ಅನಿಲ ವಾಹನಗಳಲ್ಲಿ ಇಂಧನ ತಾಪಮಾನ ಸಂವೇದಕದ ಮಂಡಲದೋಷ: ಪತ್ತೆ ಮತ್ತು ಪರಿಹಾರ
(ನಂಜನಗೂಡು ಹಾಗೂ ತಿ. ನರಸೀಪುರ ತಾಲ್ಲೂಕುಗಳ ವಾಹನ ಮಾಲೀಕರ ಮತ್ತು ಅರ್ಜಿದಾರರ ಮಾಹಿತಿಗಾಗಿ)

1. ಪೀಠಿಕೆ

ಸಿಎನ್‌ಜಿ ಎಂದು ರೂಢಿಯಲ್ಲಿರುವ ಸಂಪೀಡಿತ ನೈಸರ್ಗಿಕ ಅನಿಲವನ್ನು ಬಳಸುವ ವಾಹನಗಳಲ್ಲಿ, ಇಂಜಿನ್ನಿಗೆ ಹರಿಯುವ ಅನಿಲದ ತಾಪಮಾನವನ್ನು ಅಳೆಯಲು ಒಂದು ಸಣ್ಣ ಸಂವೇದಕವನ್ನು ಅಳವಡಿಸಲಾಗಿರುತ್ತದೆ. ಇದನ್ನು ಇಂಧನ ತಾಪಮಾನ ಸಂವೇದಕವೆಂದೂ, ಗ್ಯಾರೇಜುಗಳ ಮಾತಿನಲ್ಲಿ ಗ್ಯಾಸ್ ಟೆಂಪರೇಚರ್ ಸೆನ್ಸರ್ ಎಂದೂ ಕರೆಯಲಾಗುತ್ತದೆ. ಸಂವೇದಕ, ಅದಕ್ಕೆ ಸೇರಿದ ತಂತಿಗಳು, ಕನೆಕ್ಟರ್ ಹಾಗೂ ಇಸಿಯು ಎಂಬ ವಿದ್ಯುನ್ಮಾನ ನಿಯಂತ್ರಣ ಘಟಕ ಇವೆಲ್ಲವೂ ಸೇರಿ ಒಂದು ವಿದ್ಯುನ್ಮಂಡಲವಾಗುತ್ತದೆ. ಈ ಮಂಡಲದ ಯಾವುದೇ ಭಾಗದಲ್ಲಿ ದೋಷವುಂಟಾದರೂ ಚಾಲಕನ ಮುಂದಿನ ಫಲಕದಲ್ಲಿ ಇಂಜಿನ್ ಎಚ್ಚರಿಕೆ ದೀಪ ಬೆಳಗುತ್ತದೆ.

ಮೈಸೂರು, ಮಂಡ್ಯ ಮತ್ತು ಚಾಮರಾಜನಗರ ಜಿಲ್ಲೆಗಳನ್ನು ಒಂದು ಭೌಗೋಳಿಕ ಪ್ರದೇಶವಾಗಿ ಪರಿಗಣಿಸಿ, ಪೆಟ್ರೋಲಿಯಂ ಮತ್ತು ನೈಸರ್ಗಿಕ ಅನಿಲ ನಿಯಂತ್ರಣ ಮಂಡಳಿಯು 2019ರಲ್ಲಿ 10ನೇ ಬಿಡ್ ಸುತ್ತಿನ ಮೂಲಕ ನಗರ ಅನಿಲ ವಿತರಣೆಗೆ ಅನುಮತಿ ನೀಡಿತು. ತದನಂತರದ ವರ್ಷಗಳಲ್ಲಿ ಈ ಭಾಗದಲ್ಲಿಯೂ ಅನಿಲ ಬಳಸುವ ಕಾರು, ಆಟೋರಿಕ್ಷಾ ಮತ್ತು ಲಘು ಸರಕು ವಾಹನಗಳು ಬಳಕೆಗೆ ಬಂದಿವೆ. ನಂಜನಗೂಡು ಮತ್ತು ತಿ. ನರಸೀಪುರದಿಂದ ಮೈಸೂರಿನ ಬಂಡೀಪಾಳ್ಯ ಮಾರುಕಟ್ಟೆಗೆ ತರಕಾರಿ, ಬಾಳೆಕಾಯಿ ಸಾಗಿಸುವ ಸಣ್ಣ ವಾಹನದ ಮಾಲೀಕನಿಗೆ ವಾಹನ ಒಂದು ದಿನ ನಿಂತರೂ ಅಂದಿನ ಬಾಡಿಗೆ ನಷ್ಟ. ಅರ್ಹತಾ ಪತ್ರದ ನವೀಕರಣ ಸಮೀಪಿಸಿರುವಾಗ ಎಚ್ಚರಿಕೆ ದೀಪ ಬೆಳಗಿದರೆ, ದೋಷವೇನೆಂದು ತಿಳಿಯದೆ ಒಂದಾದ ಮೇಲೊಂದು ಬಿಡಿಭಾಗವನ್ನು ಬದಲಾಯಿಸಿ ಹಣ ಕಳೆದುಕೊಳ್ಳುವ ಸಂಭವವಿರುತ್ತದೆ.

ದೋಷಸಂಕೇತವು ಹೆಸರಿಸುವುದು ಇಡೀ ಮಂಡಲವನ್ನು, ಸಂವೇದಕವನ್ನೇ ಅಲ್ಲ. ಆದುದರಿಂದ ಯಾವುದೇ ಬಿಡಿಭಾಗವನ್ನು ಖರೀದಿಸುವ ಮೊದಲು ತಂತಿ, ಕನೆಕ್ಟರ್ ಮತ್ತು ಸಂವೇದಕ ಈ ಮೂರನ್ನೂ ಕ್ರಮವಾಗಿ ಪರೀಕ್ಷಿಸುವುದು ಮಾಲೀಕರಿಗೆ ಹಿತಕರ. ಸದರಿ ಪರೀಕ್ಷಾಕ್ರಮವನ್ನು ಸಾರ್ವಜನಿಕರಿಗೆ ತಿಳಿಯುವಂತೆ ಈ ಕೆಳಗೆ ವಿವರಿಸಲಾಗಿದೆ.

2. ಸಂವೇದಕದ ಕಾರ್ಯ

ವಾಹನದ ಸಿಲಿಂಡರಿನಲ್ಲಿ ಅನಿಲವನ್ನು ಸುಮಾರು 200 ಬಾರ್ ಒತ್ತಡದಲ್ಲಿ ತುಂಬಲಾಗುತ್ತದೆ. ಇದು ವಾತಾವರಣದ ಒತ್ತಡಕ್ಕಿಂತ ಸುಮಾರು 200 ಪಟ್ಟು ಅಧಿಕ. ಇಷ್ಟು ಒತ್ತಡದ ಅನಿಲವನ್ನು ನೇರವಾಗಿ ಇಂಜಿನ್ನಿಗೆ ಬಿಡಲಾಗದು. ಆದುದರಿಂದ ರೆಗ್ಯುಲೇಟರ್ ಎಂಬ ಒತ್ತಡ ನಿಯಂತ್ರಕವು ಅದನ್ನು ಕೆಲವೇ ಬಾರ್‌ಗಳಿಗೆ ಇಳಿಸುತ್ತದೆ. ಒತ್ತಡ ಹಠಾತ್ತನೆ ಇಳಿದಾಗ ಅನಿಲ ತಣ್ಣಗಾಗುವುದು ಸ್ವಾಭಾವಿಕ. ರೆಗ್ಯುಲೇಟರ್ ಹಿಮಗಟ್ಟದಂತೆ, ನೀರಿನಿಂದ ತಂಪಾಗುವ ಇಂಜಿನ್ನುಗಳಲ್ಲಿ, ಇಂಜಿನ್ನಿನ ಬಿಸಿ ಶೀತಕ ದ್ರವವನ್ನು ಅದರ ಮೂಲಕ ಹರಿಸಲಾಗುತ್ತದೆ.

ಹೀಗಾಗಿ ಇಂಜೆಕ್ಟರುಗಳಿಗೆ ತಲುಪುವ ಅನಿಲದ ತಾಪಮಾನ ಸದಾ ಒಂದೇ ಆಗಿರುವುದಿಲ್ಲ. ಮುಂಜಾನೆ ವಾಹನ ಹೊರಟಾಗ ಒಂದು ಬಗೆ, ಏಪ್ರಿಲ್ ತಿಂಗಳ ಮಧ್ಯಾಹ್ನ ಬಾನೆಟ್ಟಿನ ಅಡಿಯಲ್ಲಿ ಮತ್ತೊಂದು ಬಗೆ. ಅನಿಲ ಬಿಸಿಯಾದಂತೆ ಅದರ ಸಾಂದ್ರತೆ ಕುಗ್ಗುತ್ತದೆ. ಒತ್ತಡ ಒಂದೇ ಇದ್ದಾಗ, 30 ಡಿಗ್ರಿ ಸೆಲ್ಸಿಯಸ್‌ನಲ್ಲಿರುವ ಅನಿಲಕ್ಕೆ ಹೋಲಿಸಿದರೆ 60 ಡಿಗ್ರಿಯಲ್ಲಿರುವ ಅನಿಲದ ಸಾಂದ್ರತೆ ಸುಮಾರು ಶೇಕಡ 9ರಷ್ಟು ಕಡಿಮೆ. ಇಸಿಯು ಈ ವ್ಯತ್ಯಾಸವನ್ನು ಲೆಕ್ಕಹಾಕಿ ಇಂಜೆಕ್ಟರ್ ಎಷ್ಟು ಹೊತ್ತು ತೆರೆದಿರಬೇಕೆಂಬುದನ್ನು ನಿರ್ಧರಿಸುತ್ತದೆ. ತಾಪಮಾನದ ಲೆಕ್ಕ ತಪ್ಪಿದರೆ ಇಂಧನದ ಪ್ರಮಾಣವೂ ತಪ್ಪುತ್ತದೆ.

3. ಮಂಡಲದ ರಚನೆ

ಸಂವೇದಕದೊಳಗೆ ಥರ್ಮಿಸ್ಟರ್ ಎಂಬ ಘಟಕವಿರುತ್ತದೆ. ತಾಪಮಾನ ಏರಿದಂತೆ ಇದರ ವಿದ್ಯುತ್ ರೋಧ ಇಳಿಯುತ್ತದೆ; ತಾಪಮಾನ ಇಳಿದಂತೆ ರೋಧ ಏರುತ್ತದೆ. ಸಾಮಾನ್ಯ ಬಗೆಯ ಥರ್ಮಿಸ್ಟರಿನಲ್ಲಿ 25 ಡಿಗ್ರಿಯಲ್ಲಿರುವ ರೋಧವು 0 ಡಿಗ್ರಿಗೆ ಬಂದಾಗ ಸುಮಾರು ಮೂರು ಪಟ್ಟಾಗುತ್ತದೆ; 60 ಡಿಗ್ರಿಗೆ ಏರಿದಾಗ ಸುಮಾರು ಕಾಲುಭಾಗಕ್ಕೆ ಇಳಿಯುತ್ತದೆ.

ಇಸಿಯು ತನ್ನೊಳಗಿನ ಒಂದು ರೋಧಕದ ಮೂಲಕ ಸಂಕೇತ ತಂತಿಗೆ 5 ವೋಲ್ಟ್ ನೀಡುತ್ತದೆ. ಎರಡನೆಯ ತಂತಿ ಸಂವೇದಕದಿಂದ ಇಸಿಯುವಿನ ಅರ್ಥಿಂಗ್‌ಗೆ ಹಿಂದಿರುಗುತ್ತದೆ. ಸಂಕೇತ ತಂತಿಯಲ್ಲಿ ಉಳಿಯುವ ವೋಲ್ಟೇಜನ್ನು ನೋಡಿ ಇಸಿಯು ತಾಪಮಾನವನ್ನು ಅರಿಯುತ್ತದೆ. ಅನಿಲ ತಣ್ಣಗಿದ್ದರೆ ವೋಲ್ಟೇಜ್ ಹೆಚ್ಚು, ಬಿಸಿಯಿದ್ದರೆ ಕಡಿಮೆ. ಇದರಿಂದ ಎರಡು ಅಂಶಗಳು ಸಿದ್ಧವಾಗುತ್ತವೆ.

(ಅ) ತಂತಿ ತುಂಡಾದರೆ ಅಥವಾ ಕನೆಕ್ಟರ್ ಕಳಚಿದರೆ ವೋಲ್ಟೇಜ್ 5ರ ಸಮೀಪಕ್ಕೆ ಏರುತ್ತದೆ. ಸ್ಕ್ಯಾನರಿನಲ್ಲಿ ತಾಪಮಾನ ಸಾಮಾನ್ಯವಾಗಿ ಮೈನಸ್ 40 ಡಿಗ್ರಿಯಷ್ಟು ಅತಿ ಶೀತವೆಂದು ಕಾಣುತ್ತದೆ.

(ಆ) ಸಂಕೇತ ತಂತಿ ವಾಹನದ ಲೋಹದ ಭಾಗಕ್ಕೆ ಅಥವಾ ಅರ್ಥಿಂಗ್ ತಂತಿಗೆ ತಗುಲಿ ಶಾರ್ಟ್ ಆದರೆ ವೋಲ್ಟೇಜ್ 0 ಸಮೀಪಕ್ಕೆ ಇಳಿಯುತ್ತದೆ. ತಾಪಮಾನ ಅಸಂಭವವೆನಿಸುವಷ್ಟು ಅಧಿಕವೆಂದು ಕಾಣುತ್ತದೆ.

ಕೆಲವು ವಾಹನಗಳಲ್ಲಿ ಒತ್ತಡ ಮತ್ತು ತಾಪಮಾನ ಎರಡನ್ನೂ ಒಂದೇ ಘಟಕ ಅಳೆಯುತ್ತದೆ. ಅಂತಹ ಘಟಕಗಳಿಗೆ ಸಾಮಾನ್ಯವಾಗಿ ನಾಲ್ಕು ತಂತಿಗಳಿದ್ದು, ತಯಾರಕರ ತಂತಿ ನಕ್ಷೆಯನ್ನು ನೋಡದೆ ಪರೀಕ್ಷೆಗೆ ತೊಡಗಬಾರದು. ಇಂಜೆಕ್ಟರ್ ಇಲ್ಲದ ಹಳೆಯ ಮಾದರಿಯ ಅನಿಲ ಕಿಟ್‌ಗಳಲ್ಲಿ ಈ ಸಂವೇದಕವೇ ಇರುವುದಿಲ್ಲ. ಅಂತಹ ವಾಹನಗಳಿಗೆ ಈ ಮಾಹಿತಿ ಅನ್ವಯಿಸುವುದಿಲ್ಲ.

4. ದೋಷದ ಲಕ್ಷಣಗಳು

ಈ ಕೆಳಕಂಡ ಲಕ್ಷಣಗಳಲ್ಲಿ ಒಂದು ಅಥವಾ ಹೆಚ್ಚು ಕಂಡುಬರಬಹುದು.

1) ಇಂಜಿನ್ ಎಚ್ಚರಿಕೆ ದೀಪ ನಿರಂತರವಾಗಿ ಅಥವಾ ಆಗಾಗ್ಗೆ ಬೆಳಗುವುದು.
2) ಪೆಟ್ರೋಲ್ ಮತ್ತು ಅನಿಲ ಎರಡರಲ್ಲಿಯೂ ಓಡುವ ವಾಹನವು ಅನಿಲಕ್ಕೆ ಬದಲಾಗದೆ ಪೆಟ್ರೋಲಿನಲ್ಲಿಯೇ ಉಳಿಯುವುದು, ಅಥವಾ ಓಡುತ್ತಿರುವಾಗ ತಾನಾಗಿಯೇ ಪೆಟ್ರೋಲಿಗೆ ಹಿಂದಿರುಗುವುದು.
3) ನಿಂತಲ್ಲಿ ಇಂಜಿನ್ ಏರಿಳಿತದಿಂದ ಓಡುವುದು, ಏರುದಾರಿಯಲ್ಲಿ ಎಳೆತ ಕುಗ್ಗುವುದು.
4) ಒಂದು ಕಿಲೋಗ್ರಾಂ ಅನಿಲಕ್ಕೆ ದೊರೆಯುವ ಮೈಲೇಜ್ ಕಾರಣವಿಲ್ಲದೆ ಇಳಿಯುವುದು.
5) ಹೊಗೆ ತಪಾಸಣೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಅಥವಾ ಹೈಡ್ರೋಕಾರ್ಬನ್ ಪ್ರಮಾಣ ಮಿತಿ ಮೀರುವುದು.

ಅನೇಕ ವಾಹನಗಳಲ್ಲಿ ದೋಷ ಕಂಡ ಕೂಡಲೇ ಇಸಿಯು ಸಂವೇದಕದ ಸಂಕೇತವನ್ನು ಕೈಬಿಟ್ಟು, ತನ್ನಲ್ಲಿರುವ ಒಂದು ನಿಗದಿತ ತಾಪಮಾನವನ್ನು ಬಳಸುತ್ತದೆ. ಆದುದರಿಂದ ದೀಪ ಬೆಳಗಿದ್ದರೂ ವಾಹನ ಸುಮಾರಾಗಿ ಓಡುತ್ತಿರಬಹುದು. ಇದನ್ನು ನೆಮ್ಮದಿಯ ಸೂಚನೆ ಎಂದು ಭಾವಿಸತಕ್ಕದ್ದಲ್ಲ. ನಿಗದಿತ ಮೌಲ್ಯವು ಮುಂಜಾನೆಗೂ ಮಧ್ಯಾಹ್ನಕ್ಕೂ ಏಕಕಾಲದಲ್ಲಿ ಸರಿಹೊಂದಲಾರದು.

5. ದೋಷಸಂಕೇತಗಳು ಮತ್ತು ಅವುಗಳ ಅರ್ಥ

ಒಬಿಡಿ ಜೋಡಣೆಯಿರುವ ವಾಹನಗಳಲ್ಲಿ ಸ್ಕ್ಯಾನರ್ ಮೂಲಕ ದೋಷಸಂಕೇತವನ್ನು ಓದಬಹುದು. ಇಂಧನ ತಾಪಮಾನ ಸಂವೇದಕಕ್ಕೆ ಸಂಬಂಧಿಸಿದ ಸಾಮಾನ್ಯ ಸಂಕೇತಗಳು ಈ ಕೆಳಕಂಡಂತಿವೆ.

ಪಿ0180 – ಮಂಡಲದಲ್ಲಿ ದೋಷವಿದೆ ಎಂಬ ಸಾಮಾನ್ಯ ಸೂಚನೆ.
ಪಿ0181 – ಸಂಕೇತ ಬರುತ್ತಿದೆ, ಆದರೆ ಅದು ನಂಬತಕ್ಕ ವ್ಯಾಪ್ತಿಯಲ್ಲಿಲ್ಲ.
ಪಿ0182 – ಸಂಕೇತದ ವೋಲ್ಟೇಜ್ ತೀರಾ ಕಡಿಮೆ.
ಪಿ0183 – ಸಂಕೇತದ ವೋಲ್ಟೇಜ್ ತೀರಾ ಹೆಚ್ಚು.
ಪಿ0184 – ಸಂಕೇತ ಬಿಟ್ಟುಬಿಟ್ಟು ಬರುತ್ತಿದೆ.

ಎರಡು ಸಂವೇದಕಗಳಿರುವ ವಾಹನಗಳಲ್ಲಿ ಪಿ0185ರಿಂದ ಪಿ0189ರವರೆಗಿನ ಸಂಕೇತಗಳು ಎರಡನೆಯ ಸಂವೇದಕಕ್ಕೆ ಇದೇ ಕ್ರಮದಲ್ಲಿ ಅನ್ವಯಿಸುತ್ತವೆ.

ಇಲ್ಲಿ ಒಂದು ಗೊಂದಲ ಸಾಮಾನ್ಯವಾಗಿ ಉಂಟಾಗುತ್ತದೆ. ಪಿ0182ರಲ್ಲಿ ಕಡಿಮೆ ಎಂಬುದು ವೋಲ್ಟೇಜಿಗೆ ಸಂಬಂಧಿಸಿದ್ದು. ಅನಿಲ ತಣ್ಣಗಿದೆ ಎಂಬ ಅರ್ಥವಲ್ಲ. ವೋಲ್ಟೇಜ್ ಕಡಿಮೆಯಾದಾಗ ಸ್ಕ್ಯಾನರಿನಲ್ಲಿ ತಾಪಮಾನ ಅಧಿಕವೆಂದೇ ಕಾಣುತ್ತದೆ. ಪಿ0182 ಬಂದಾಗ ತಂತಿ ಎಲ್ಲಿಯೋ ಲೋಹಕ್ಕೆ ತಗುಲಿದೆಯೇ ಎಂದು ನೋಡಬೇಕು. ಪಿ0183 ಬಂದಾಗ ತಂತಿ ತುಂಡಾಗಿದೆಯೇ, ಕನೆಕ್ಟರ್ ಸಡಿಲವಾಗಿದೆಯೇ, ಅಥವಾ ತಂತಿಯು ವಿದ್ಯುತ್ ಪೂರೈಕೆಯ ಮತ್ತೊಂದು ತಂತಿಗೆ ತಗುಲಿದೆಯೇ ಎಂದು ನೋಡಬೇಕು.

6. ಈ ಭಾಗದಲ್ಲಿ ದೋಷ ಉಂಟಾಗುವ ಸನ್ನಿವೇಶಗಳು

ಕಬಿನಿ ಎಂದೂ ಕರೆಯಲಾಗುವ ಕಪಿಲಾ ನದಿ ಕೇರಳದ ವಯನಾಡಿನಲ್ಲಿ ಹುಟ್ಟಿ, ನಂಜನಗೂಡಿನ ಮೂಲಕ ಹರಿದು, ತಿ. ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತದೆ. ವಯನಾಡಿನಲ್ಲಿ ಮುಂಗಾರು ಬಿರುಸಾದ ವರ್ಷಗಳಲ್ಲಿ ನದೀತೀರದ ರಸ್ತೆಗಳು ಜಲಾವೃತವಾಗುತ್ತವೆ. 2018 ಮತ್ತು 2019ರಲ್ಲಿ ನಂಜನಗೂಡಿನ ಮಲ್ಲನಮೂಲೆ ಮಠದ ಬಳಿ ಮೈಸೂರು–ಊಟಿ ರಸ್ತೆಯ ಮೇಲೆ ನೀರು ಹರಿದು ಸಂಚಾರಕ್ಕೆ ಅಡ್ಡಿಯಾಗಿತ್ತು. ಇಂತಹ ನೀರಿನಲ್ಲಿ ಸಾಗಿದ ವಾಹನದ ಕನೆಕ್ಟರಿನೊಳಗೆ ತೇವ ಸೇರಿದರೆ ದೋಷ ಅಂದೇ ಕಾಣಿಸಿಕೊಳ್ಳಬೇಕೆಂದಿಲ್ಲ. ತಾಮ್ರದ ಪಿನ್ನುಗಳ ಮೇಲೆ ಹಸಿರು ಕಿಲುಬು ಬೆಳೆದು, ವಾರಗಳ ಅಥವಾ ತಿಂಗಳುಗಳ ನಂತರ ಸಂಪರ್ಕ ಕೆಡುತ್ತದೆ.

ಎರಡೂ ತಾಲ್ಲೂಕುಗಳಲ್ಲಿ ಭತ್ತ ಮತ್ತು ಕಬ್ಬಿನ ಬೇಸಾಯ ವ್ಯಾಪಕವಾಗಿದೆ. ಕಣ, ಗೋದಾಮು ಹಾಗೂ ಗದ್ದೆಗಳ ಪಕ್ಕದಲ್ಲಿ ರಾತ್ರಿ ನಿಲ್ಲಿಸಿದ ವಾಹನಗಳಲ್ಲಿ ಇಲಿಗಳು ತಂತಿಯ ಹೊದಿಕೆ ಕಡಿಯುವುದು ಸಾಮಾನ್ಯ. ನಾಲೆಯ ಏರಿಯ ಕಚ್ಚಾ ರಸ್ತೆಗಳಲ್ಲಿ ಓಡುವ ಸರಕು ವಾಹನಗಳಲ್ಲಿ ಕುಲುಕಾಟದಿಂದ ತಂತಿಯ ಕಟ್ಟು ಸಡಿಲಗೊಂಡು ಬಿಸಿ ಲೋಹಕ್ಕೆ ಉಜ್ಜುತ್ತದೆ. ಒತ್ತಡದ ನೀರಿನಿಂದ ಇಂಜಿನ್ ತೊಳೆಸಿದ ನಂತರವೂ ಇದೇ ದೋಷ ಕಾಣಿಸಿಕೊಳ್ಳಬಹುದು.

7. ಸುರಕ್ಷತಾ ಸೂಚನೆಗಳು

ಪರೀಕ್ಷೆಗೆ ತೊಡಗುವ ಮೊದಲು ಈ ಕೆಳಕಂಡ ಸೂಚನೆಗಳನ್ನು ಕಡ್ಡಾಯವಾಗಿ ಪಾಲಿಸತಕ್ಕದ್ದು.

1) ಅನಿಲದ ವಾಸನೆ ಬರುತ್ತಿದ್ದರೆ ಇಂಜಿನ್ ನಿಲ್ಲಿಸಿ, ಸಿಲಿಂಡರಿನ ಕೈಕವಾಟವನ್ನು ಮುಚ್ಚಿ, ವಾಹನವನ್ನು ಬಯಲಿಗೆ ತಳ್ಳಬೇಕು. ಯಾವುದೇ ವಿದ್ಯುತ್ ಪರೀಕ್ಷೆ ಮಾಡಕೂಡದು.
2) ಸೋರಿಕೆಯನ್ನು ಬೆಂಕಿಕಡ್ಡಿ ಗೀರಿ ನೋಡುವುದು ಪ್ರಾಣಾಪಾಯಕರ. ಗಾಳಿಯಲ್ಲಿ ಸುಮಾರು ಶೇಕಡ 5ರಿಂದ 15ರಷ್ಟು ಮೀಥೇನ್ ಬೆರೆತಾಗ ಅದು ಹೊತ್ತಿಕೊಳ್ಳುತ್ತದೆ. ಜೋಡಣೆಗಳಿಗೆ ಸಾಬೂನು ನೀರು ಹಚ್ಚಿ, ಗುಳ್ಳೆ ಬರುವುದೇ ಎಂದು ನೋಡುವುದು ಸರಿಯಾದ ಕ್ರಮ.
3) ನೈಸರ್ಗಿಕ ಅನಿಲ ಗಾಳಿಗಿಂತ ಹಗುರ, ಮುಚ್ಚಿದ ಶೆಡ್ಡಿನಲ್ಲಿ ಮೇಲ್ಛಾವಣಿಯ ಅಡಿಯಲ್ಲಿ ಸಂಗ್ರಹವಾಗುತ್ತದೆ. ಆದುದರಿಂದ ಕೆಲಸವನ್ನು ಗಾಳಿಯಾಡುವ ಸ್ಥಳದಲ್ಲಿ ಮಾಡಬೇಕು.
4) ಸಂವೇದಕದ ತುದಿ ಅನಿಲ ಹರಿಯುವ ನಳಿಕೆಯೊಳಗೇ ಇರುತ್ತದೆ. ಅದನ್ನು ತಿರುಗಿಸಿ ಬಿಚ್ಚಿದರೆ ಅನಿಲದ ದಾರಿಯೇ ತೆರೆಯುತ್ತದೆ. ಮಾಲೀಕರು ಅಥವಾ ಚಾಲಕರು ಸಂವೇದಕವನ್ನು ಬಿಚ್ಚಬಾರದು. ಒತ್ತಡವನ್ನು ಇಳಿಸಿ ಬಿಚ್ಚುವುದು ತರಬೇತಿ ಪಡೆದ ತಂತ್ರಜ್ಞರ ಕೆಲಸ.
5) ಸಿಲಿಂಡರ್, ಅಧಿಕ ಒತ್ತಡದ ನಳಿಕೆ ಮತ್ತು ರೆಗ್ಯುಲೇಟರಿಗೆ ಅಧಿಕೃತ ಕೇಂದ್ರದ ಹೊರತು ಬೇರಾರೂ ಕೈಹಾಕತಕ್ಕದ್ದಲ್ಲ.

8. ಪರೀಕ್ಷಾಕ್ರಮ

ಈ ಕೆಳಗಿನ ಮೊದಲನೆಯ ಮತ್ತು ಎರಡನೆಯ ಹಂತಗಳನ್ನು ಮಾಲೀಕರೇ ನೋಡಬಹುದು. ಉಳಿದವು ತಂತ್ರಜ್ಞರಿಗೆ ಸೇರಿದವು. ಆದರೂ ಅವನ್ನು ತಿಳಿದಿರುವ ಮಾಲೀಕರು ಗ್ಯಾರೇಜಿನಲ್ಲಿ ಯಾವ ಪರೀಕ್ಷೆ ನಡೆಯಿತು, ಯಾವುದು ನಡೆಯಲಿಲ್ಲ ಎಂದು ಕೇಳಲು ಶಕ್ತರಾಗುತ್ತಾರೆ.

ಹಂತ 1: ಕಣ್ಣಳತೆಯ ಪರಿಶೀಲನೆ. ಇಂಜಿನ್ ತಣ್ಣಗಿರುವಾಗ, ಕೀಲಿ ತೆಗೆದು, ಸಂವೇದಕದಿಂದ ಹೊರಡುವ ತಂತಿಯನ್ನು ಕಾಣುವಷ್ಟು ದೂರ ಅನುಸರಿಸಬೇಕು. ಹೊದಿಕೆ ಹರಿದಿರುವುದು, ಇಲಿ ಕಡಿತ, ಕರಗಿದ ಗುರುತು, ಸಡಿಲ ಕನೆಕ್ಟರ್ ಕಂಡುಬಂದರೆ ಬರೆದಿಟ್ಟುಕೊಳ್ಳಬೇಕು.

ಹಂತ 2: ಮುಂಜಾನೆಯ ಹೋಲಿಕೆ. ವಾಹನವನ್ನು ರಾತ್ರಿಯಿಡೀ ನಿಲ್ಲಿಸಿ, ಬೆಳಿಗ್ಗೆ ಇಂಜಿನ್ ಚಾಲೂ ಮಾಡದೆ ಕೀಲಿಯನ್ನು ಮಾತ್ರ ತಿರುಗಿಸಿ, ಸ್ಕ್ಯಾನರಿನಲ್ಲಿ ಮೂರು ತಾಪಮಾನಗಳನ್ನು ಓದಬೇಕು: ಶೀತಕ ದ್ರವ, ಒಳಸೇರುವ ಗಾಳಿ ಮತ್ತು ಇಂಧನ. ರಾತ್ರಿ ಕಳೆದ ವಾಹನದಲ್ಲಿ ಈ ಮೂರೂ ಹೆಚ್ಚುಕಡಿಮೆ ಒಂದೇ ಆಗಿರಬೇಕು. ಮೊದಲೆರಡು 22 ಮತ್ತು 23 ಡಿಗ್ರಿ ಇದ್ದು ಇಂಧನದ್ದು ಮಾತ್ರ ಮೈನಸ್ 40 ಎಂದು ಕಂಡರೆ ಮಂಡಲ ತೆರೆದುಕೊಂಡಿದೆ ಎಂದರ್ಥ. ಇಂಧನದ್ದು 45 ಡಿಗ್ರಿ ಎಂದು ಕಂಡರೆ ಸಂವೇದಕದ ಅಳತೆ ಜಾರಿದೆ, ಅಥವಾ ಮಂಡಲದಲ್ಲಿ ವಿದ್ಯುತ್ ಸೋರಿಕೆ ಇದೆ ಎಂದು ಶಂಕಿಸಬೇಕು.

ಹಂತ 3: ಕನೆಕ್ಟರ್ ಬಿಡಿಸಿ ನೋಡುವುದು. ಇಂಜಿನ್ ನಿಂತಿದ್ದು ಕೀಲಿ ತಿರುಗಿಸಿದ ಸ್ಥಿತಿಯಲ್ಲಿ ಸಂವೇದಕದ ಕನೆಕ್ಟರನ್ನು ಬಿಡಿಸಿದಾಗ ಸ್ಕ್ಯಾನರಿನ ಓದು ಅತಿ ಶೀತಕ್ಕೆ ಇಳಿಯಬೇಕು. ಬಳಿಕ ಕನೆಕ್ಟರಿನ ತಂತಿ ಬದಿಯಲ್ಲಿ ಸಂಕೇತ ಮತ್ತು ಅರ್ಥಿಂಗ್ ಪಿನ್ನುಗಳನ್ನು ಸಣ್ಣ ತಂತಿಯಿಂದ ಕೂಡಿಸಿದಾಗ ಓದು ಅತಿ ಬಿಸಿಗೆ ಏರಬೇಕು. ಎರಡೂ ಹಾಗೆಯೇ ಆದರೆ ತಂತಿಗಳೂ ಇಸಿಯುವೂ ಸರಿಯಾಗಿವೆ. ದೋಷ ಸಂವೇದಕದಲ್ಲಿ ಅಥವಾ ಅದರ ಪಿನ್ನುಗಳಲ್ಲಿದೆ. ಓದು ಬದಲಾಗದಿದ್ದರೆ ದೋಷ ತಂತಿಯಲ್ಲಿ ಅಥವಾ ಇಸಿಯು ಬದಿಯಲ್ಲಿದೆ. ಹೊಸ ಸಂವೇದಕ ಹಾಕಿದರೂ ದೀಪ ಆರುವುದಿಲ್ಲ. ದೋಷವಿರುವಾಗ ನಿಗದಿತ ಮೌಲ್ಯವನ್ನೇ ತೋರಿಸುವ ಇಸಿಯುಗಳಲ್ಲಿ ತಾಪಮಾನದ ಬದಲು ವೋಲ್ಟೇಜ್ ಓದನ್ನು ನೋಡಬೇಕು. ನಾಲ್ಕು ತಂತಿಯ ಘಟಕಗಳಲ್ಲಿ ನಕ್ಷೆಯಿಲ್ಲದೆ ಪಿನ್ನುಗಳನ್ನು ಕೂಡಿಸಕೂಡದು. ಯಾವ ಕಾರಣಕ್ಕೂ ಬ್ಯಾಟರಿಯ ಧನ ತುದಿಯನ್ನು ಈ ಪಿನ್ನುಗಳಿಗೆ ತಾಗಿಸಬಾರದು. ಇಸಿಯು ಸುಟ್ಟುಹೋಗುವ ಸಂಭವವಿದೆ.

ಹಂತ 4: ವೋಲ್ಟೇಜ್ ಅಳತೆ. ಬಿಡಿಸಿದ ಕನೆಕ್ಟರಿನ ಸಂಕೇತ ಪಿನ್ನಿನಲ್ಲಿ ಮಲ್ಟಿಮೀಟರ್ ಸುಮಾರು 5 ವೋಲ್ಟ್ ತೋರಿಸಬೇಕು. 0 ತೋರಿಸಿದರೆ ತಂತಿ ತುಂಡಾಗಿದೆ ಅಥವಾ ಲೋಹಕ್ಕೆ ತಗುಲಿದೆ. 12 ವೋಲ್ಟಿನ ಸಮೀಪ ತೋರಿಸಿದರೆ ಬೇರೆ ತಂತಿಯೊಡನೆ ಶಾರ್ಟ್ ಆಗಿದೆ. ಕೂಡಲೇ ಕೀಲಿ ತೆಗೆಯಬೇಕು.

ಹಂತ 5: ತಂತಿಯ ಅಖಂಡತೆ. ಬ್ಯಾಟರಿ ಸಂಪರ್ಕ ತೆಗೆದು, ಇಸಿಯು ಬದಿಯ ಕನೆಕ್ಟರನ್ನೂ ಬಿಡಿಸಿ, ಪ್ರತಿ ತಂತಿಯ ಎರಡು ತುದಿಗಳ ನಡುವಿನ ರೋಧವನ್ನು ಅಳೆಯಬೇಕು. ಅದು 1 ಓಂ ಆಸುಪಾಸಿನಲ್ಲಿರಬೇಕು. ತಂತಿಗೂ ವಾಹನದ ಲೋಹಕ್ಕೂ ನಡುವೆ ಸಂಪರ್ಕವೇ ಕಾಣಬಾರದು. ಅಳೆಯುತ್ತಿರುವಾಗ ತಂತಿಯ ಕಟ್ಟನ್ನು ಮೆಲ್ಲಗೆ ಅಲುಗಾಡಿಸಬೇಕು. ಪಿ0184 ಸಂಕೇತ ಬಂದಿರುವ ವಾಹನಗಳಲ್ಲಿ ಈ ಅಲುಗಾಟದಿಂದಲೇ ದೋಷ ಹೊರಬೀಳುವುದುಂಟು.

ಹಂತ 6: ಸಂವೇದಕದ ರೋಧ. ಸಂವೇದಕವನ್ನು ನಳಿಕೆಯಿಂದ ಬಿಚ್ಚದೆ, ಅದರ ಪಿನ್ನುಗಳ ನಡುವಿನ ರೋಧವನ್ನು ಇಂಜಿನ್ ತಣ್ಣಗಿರುವಾಗ ಒಮ್ಮೆ, ಓಡಿ ಬಿಸಿಯಾದ ನಂತರ ಇಂಜಿನ್ ನಿಲ್ಲಿಸಿ ಮತ್ತೊಮ್ಮೆ ಅಳೆದು, ತಯಾರಕರ ಕೋಷ್ಟಕಕ್ಕೆ ಹೋಲಿಸಬೇಕು. ಬಿಸಿಯಾದಾಗ ರೋಧ ಇಳಿಯಬೇಕು. ಇಳಿಯದಿದ್ದರೆ, ಅಥವಾ ಅಪರಿಮಿತ ಇಲ್ಲವೇ ಶೂನ್ಯವೆಂದು ತೋರಿದರೆ ಸಂವೇದಕ ಕೆಟ್ಟಿದೆ ಎಂಬುದು ಖಚಿತ. ಅದನ್ನು ಬದಲಾಯಿಸಲು ಆಗ ಮಾತ್ರ ಕಾರಣ ದೊರೆತಂತಾಗುತ್ತದೆ.

ಹಂತ 7: ದುರಸ್ತಿಯ ನಂತರ. ದೋಷಸಂಕೇತವನ್ನು ಅಳಿಸಿ, ವಾಹನವನ್ನು ಅನಿಲದ ಮೇಲೆ ಸ್ವಲ್ಪ ದೂರ ಓಡಿಸಿ, ಸಂಕೇತ ಮರಳಿ ಬಂದಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಮಾರನೆಯ ಮುಂಜಾನೆ ಎರಡನೆಯ ಹಂತದ ಹೋಲಿಕೆಯನ್ನು ಪುನಃ ಮಾಡುವುದು ಉತ್ತಮ.

9. ವಿಶೇಷವಾಗಿ ಗಮನಿಸಬೇಕಾದ ಎರಡು ಅಂಶಗಳು

(ಅ) ಸಂವೇದಕ ನಿಜವನ್ನೇ ತಿಳಿಸುತ್ತಿರಬಹುದು. ಶೀತಕ ದ್ರವ ಕಡಿಮೆಯಾಗಿದ್ದರೆ ಅಥವಾ ಅದರ ನಳಿಕೆಯಲ್ಲಿ ಗಾಳಿ ಸಿಲುಕಿದ್ದರೆ ರೆಗ್ಯುಲೇಟರಿಗೆ ಬಿಸಿ ತಲುಪುವುದಿಲ್ಲ. ಅನಿಲ ವಾಸ್ತವವಾಗಿಯೇ ಅತಿ ತಣ್ಣಗೆ ಹರಿಯುತ್ತದೆ. ರೆಗ್ಯುಲೇಟರಿನ ಹೊರಮೈಯಲ್ಲಿ ಹಿಮದ ಪದರ ಕಾಣುವುದು ಇದರ ಗುರುತು. ಇಂತಹ ಸಂದರ್ಭದಲ್ಲಿ ಸಂವೇದಕವನ್ನಾಗಲಿ ತಂತಿಯನ್ನಾಗಲಿ ಬದಲಾಯಿಸಿ ಪ್ರಯೋಜನವಿಲ್ಲ. ಶೀತಕ ವ್ಯವಸ್ಥೆಯನ್ನು ಸರಿಪಡಿಸಬೇಕು. ಪಿ0181 ಸಂಕೇತ ಬಂದಾಗ ಇದನ್ನು ಮೊದಲು ನೋಡತಕ್ಕದ್ದು.

(ಆ) ಬಿಡಿಭಾಗದ ಬಗೆ ಹೊಂದಬೇಕು. ನಂತರ ಅಳವಡಿಸಿದ ಅನಿಲ ಕಿಟ್‌ಗಳಲ್ಲಿ 25 ಡಿಗ್ರಿಯಲ್ಲಿ 2.2, 4.7 ಅಥವಾ 10 ಕಿಲೋ ಓಂ ರೋಧದ ಸಂವೇದಕಗಳು ಬಳಕೆಯಲ್ಲಿವೆ. ನೋಡಲು ಒಂದೇ ರೀತಿ ಇದ್ದರೂ ಅವು ಪರಸ್ಪರ ಬದಲಿಯಲ್ಲ. ಬೇರೆ ಬಗೆಯದನ್ನು ಹಾಕಿ, ಕಿಟ್‌ನ ತಂತ್ರಾಂಶದಲ್ಲಿ ಅದಕ್ಕೆ ತಕ್ಕ ಆಯ್ಕೆಯನ್ನು ಬದಲಾಯಿಸದಿದ್ದರೆ ದೀಪ ಆರಿದರೂ ತಾಪಮಾನದ ಲೆಕ್ಕ ತಪ್ಪಾಗಿಯೇ ಉಳಿಯುತ್ತದೆ. ಇಂತಹ ಕಿಟ್‌ಗಳಲ್ಲಿ ರೆಗ್ಯುಲೇಟರಿನ ಶೀತಕ ದ್ರವದ ತಾಪಮಾನವನ್ನು ಅಳೆಯುವ ಪ್ರತ್ಯೇಕ ಸಂವೇದಕವೂ ಇರುತ್ತದೆ. ವಾಹನ ಪೆಟ್ರೋಲಿನಿಂದ ಅನಿಲಕ್ಕೆ ಯಾವಾಗ ಬದಲಾಗಬೇಕೆಂಬುದನ್ನು ಅದು ನಿರ್ಧರಿಸುತ್ತದೆ. ವಾಹನ ಅನಿಲಕ್ಕೆ ಬದಲಾಗುತ್ತಲೇ ಇಲ್ಲವೆಂದರೆ ಎರಡನ್ನೂ ಪರೀಕ್ಷಿಸಬೇಕು.

10. ಅರ್ಹತಾ ಪತ್ರ ಮತ್ತು ಹೊಗೆ ತಪಾಸಣೆಗೆ ಇರುವ ಸಂಬಂಧ

ಮೋಟಾರು ವಾಹನಗಳ ಅಧಿನಿಯಮ, 1988ರ ಪ್ರಕರಣ 56ರ ಮೇರೆಗೆ ಸಾರಿಗೆ ವಾಹನಗಳು ಚಾಲ್ತಿಯಲ್ಲಿರುವ ಅರ್ಹತಾ ಪತ್ರವನ್ನು ಹೊಂದಿರತಕ್ಕದ್ದು. ಕೇಂದ್ರ ಮೋಟಾರು ವಾಹನಗಳ ನಿಯಮಗಳು, 1989ರ ನಿಯಮ 62ರಂತೆ 8 ವರ್ಷದವರೆಗಿನ ವಾಹನಗಳಿಗೆ 2 ವರ್ಷಕ್ಕೊಮ್ಮೆ, ಅದಕ್ಕಿಂತ ಹಳೆಯ ವಾಹನಗಳಿಗೆ ವರ್ಷಕ್ಕೊಮ್ಮೆ ನವೀಕರಣ ಅವಶ್ಯಕ. ಅವಧಿ ಮೀರಿದ ನಂತರ ಸಲ್ಲಿಸುವ ಅರ್ಜಿಗಳಿಗೆ ಹೆಚ್ಚುವರಿ ಶುಲ್ಕ ಅನ್ವಯಿಸುತ್ತದೆ.

ಹೊಗೆ ಪ್ರಮಾಣದ ಮಿತಿಗಳನ್ನು ನಿಯಮ 115ರಲ್ಲಿ ಗೊತ್ತುಪಡಿಸಲಾಗಿದೆ. ಭಾರತ್ ಸ್ಟೇಜ್–4 ಮಟ್ಟದ ನಾಲ್ಕು ಚಕ್ರದ ವಾಹನಗಳಿಗೆ ಇಂಜಿನ್ ನಿಧಾನಗತಿಯಲ್ಲಿರುವಾಗ ಕಾರ್ಬನ್ ಮಾನಾಕ್ಸೈಡ್ ಶೇಕಡ 0.3 ಮೀರಬಾರದು. ತಾಪಮಾನ ಸಂವೇದಕದ ದೋಷದಿಂದ ಅಗತ್ಯಕ್ಕಿಂತ ಹೆಚ್ಚು ಅನಿಲ ಹರಿದರೆ ಕಾರ್ಬನ್ ಮಾನಾಕ್ಸೈಡ್ ಏರುತ್ತದೆ. ತೀರಾ ಕಡಿಮೆ ಹರಿದು ಇಂಜಿನ್ ಬಿಟ್ಟುಬಿಟ್ಟು ಉರಿದರೆ ಹೈಡ್ರೋಕಾರ್ಬನ್ ಏರುತ್ತದೆ. ಭಾರತ್ ಸ್ಟೇಜ್–4 ಮತ್ತು ನಂತರದ ವಾಹನಗಳಿಗೆ ಹೊಗೆ ತಪಾಸಣಾ ಪ್ರಮಾಣ ಪತ್ರ 1 ವರ್ಷ, ಹಿಂದಿನ ವಾಹನಗಳಿಗೆ 6 ತಿಂಗಳು ಊರ್ಜಿತದಲ್ಲಿರುತ್ತದೆ.

ತಪಾಸಣೆಯ ಮುನ್ನಾದಿನ ಬ್ಯಾಟರಿ ತಂತಿ ತೆಗೆದು ದೀಪವನ್ನು ಆರಿಸಿಕೊಂಡು ಬರುವ ಪರಿಪಾಠ ಕೆಲವೆಡೆ ಇದೆ. ಇದರಿಂದ ದೋಷ ನಿವಾರಣೆಯಾಗುವುದಿಲ್ಲ. ದೋಷವುಂಟಾದಾಗಿನ ಸ್ಥಿತಿಗತಿಯ ದಾಖಲೆ ಅಳಿಸಿಹೋಗಿ ಮುಂದೆ ಪತ್ತೆಕಾರ್ಯ ಕಷ್ಟವಾಗುತ್ತದೆ.

ಅರ್ಹತಾ ಪತ್ರಕ್ಕಾಗಿ ವಾಹನವನ್ನು ಹಾಜರುಪಡಿಸುವ ಮೊದಲು ಅರ್ಜಿದಾರರು ಈ ಕೆಳಕಂಡವುಗಳನ್ನು ಸಿದ್ಧಪಡಿಸಿಕೊಳ್ಳುವುದು:

1) ಇಂಧನದ ಬಗೆ ಸರಿಯಾಗಿ ನಮೂದಾಗಿರುವ ನೋಂದಣಿ ಪತ್ರ. ಅನಿಲ ಕಿಟ್ ನಂತರ ಅಳವಡಿಸಿದ್ದಲ್ಲಿ ಪ್ರಕರಣ 52ರಂತೆ ಬದಲಾವಣೆ ನಮೂದಾಗಿರಬೇಕು.
2) ಚಾಲ್ತಿಯಲ್ಲಿರುವ ವಿಮಾ ಪತ್ರ, ತೆರಿಗೆ ಪಾವತಿಯ ವಿವರ, ಅನ್ವಯವಾಗುವಲ್ಲಿ ರಹದಾರಿ.
3) ಹೊಗೆ ತಪಾಸಣಾ ಪ್ರಮಾಣ ಪತ್ರ.
4) ಅನಿಲ ಸಿಲಿಂಡರಿನ ಜಲಒತ್ತಡ ಪರೀಕ್ಷೆಯ ಪ್ರಮಾಣ ಪತ್ರ. ಈ ಪರೀಕ್ಷೆಯನ್ನು 3 ವರ್ಷಗಳಿಗೊಮ್ಮೆ ಅನುಮೋದಿತ ಕೇಂದ್ರದಲ್ಲಿ ಮಾಡಿಸತಕ್ಕದ್ದು.
5) ದುರಸ್ತಿ ನಡೆದಿದ್ದಲ್ಲಿ ಅದರ ರಸೀದಿ.

ಅರ್ಹತಾ ಪತ್ರವನ್ನು ನಿರಾಕರಿಸಿದಲ್ಲಿ ಅದರ ಕಾರಣಗಳನ್ನು ಲಿಖಿತವಾಗಿ ಪಡೆಯಲು ಅರ್ಜಿದಾರರು ಹಕ್ಕುಳ್ಳವರಾಗಿರುತ್ತಾರೆ. ಆದೇಶದಿಂದ ಬಾಧಿತರಾದವರು ಪ್ರಕರಣ 57ರಂತೆ 30 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು.

11. ಗ್ಯಾರೇಜಿನಲ್ಲಿ ಕೇಳಿ ಪಡೆಯಬೇಕಾದವು

ದುರಸ್ತಿಗೆ ಮೊದಲು ಸ್ಕ್ಯಾನರಿನಲ್ಲಿ ಕಂಡ ದೋಷಸಂಕೇತವನ್ನು ಬರೆಯಿಸಿಕೊಳ್ಳಬೇಕು. ಯಾವ ಪರೀಕ್ಷೆಯಿಂದ ಬಿಡಿಭಾಗ ಕೆಟ್ಟಿದೆಯೆಂದು ತಿಳಿಯಿತು ಎಂದು ಕೇಳಬೇಕು. ಬದಲಾಯಿಸಿದ ಹಳೆಯ ಭಾಗವನ್ನು ಹಿಂಪಡೆಯಬೇಕು. ರಸೀದಿಯಲ್ಲಿ ಬಿಡಿಭಾಗದ ಬೆಲೆ ಮತ್ತು ಕೂಲಿ ಪ್ರತ್ಯೇಕವಾಗಿ ನಮೂದಾಗಿರಬೇಕು. ವಾಹನ ವಾರಂಟಿ ಅವಧಿಯಲ್ಲಿದ್ದರೆ ಮೊದಲು ಅಧಿಕೃತ ಸೇವಾ ಕೇಂದ್ರಕ್ಕೆ ಹೋಗುವುದು ಸೂಕ್ತ. ಹೊರಗೆ ತಂತಿ ಕತ್ತರಿಸಿ ಜೋಡಿಸಿದರೆ ವಾರಂಟಿ ತಿರಸ್ಕೃತವಾಗಬಹುದು. ಸೇವೆಯಲ್ಲಿ ನ್ಯೂನತೆಯಾದಲ್ಲಿ ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರ ಮೇರೆಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಸಲ್ಲಿಸಲು ಅವಕಾಶವಿದೆ. ಆಗ ರಸೀದಿಯೇ ಮುಖ್ಯ ಆಧಾರ.

12. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಎಚ್ಚರಿಕೆ ದೀಪ ಬೆಳಗಿದಾಗ ವಾಹನವನ್ನು ಓಡಿಸಬಹುದೇ?
ಉತ್ತರ: ಅನಿಲದ ವಾಸನೆಯಿಲ್ಲದೆ, ಇಂಜಿನ್ ಸಮವಾಗಿ ಓಡುತ್ತಿದ್ದು, ದೀಪ ಸ್ಥಿರವಾಗಿ ಬೆಳಗಿದ್ದರೆ ಸಮೀಪದ ಸೇವಾ ಕೇಂದ್ರದವರೆಗೆ ಓಡಿಸಬಹುದು. ಪೆಟ್ರೋಲ್ ಸೌಲಭ್ಯವಿದ್ದರೆ ಪೆಟ್ರೋಲಿಗೆ ಬದಲಾಯಿಸಿಕೊಳ್ಳುವುದು ಉತ್ತಮ. ದೀಪ ಮಿಣುಕುತ್ತಿದ್ದರೆ ಅಥವಾ ಇಂಜಿನ್ ತಡವರಿಸುತ್ತಿದ್ದರೆ ನಿಲ್ಲಿಸಬೇಕು.

ಪ್ರಶ್ನೆ: ಮಳೆಗಾಲದಲ್ಲಿ ಬರುವ ದೋಷ ಬೇಸಿಗೆಯಲ್ಲಿ ತಾನಾಗಿಯೇ ಹೋಗುತ್ತದೆ. ಕಾರಣವೇನು?
ಉತ್ತರ: ಕನೆಕ್ಟರಿನೊಳಗೆ ತೇವ ಸೇರುತ್ತಿರುವ ಸಂಭವ ಹೆಚ್ಚು. ಕನೆಕ್ಟರನ್ನು ಬಿಡಿಸಿ, ಪಿನ್ನುಗಳನ್ನು ಕಾಂಟ್ಯಾಕ್ಟ್ ಕ್ಲೀನರಿನಿಂದ ಸ್ವಚ್ಛಗೊಳಿಸಿ, ಹರಿದ ರಬ್ಬರ್ ಸೀಲನ್ನು ಬದಲಾಯಿಸಬೇಕು. ಸಂವೇದಕವನ್ನು ಬದಲಾಯಿಸುವ ಅವಶ್ಯಕತೆ ಬೀಳದಿರಬಹುದು.

ಪ್ರಶ್ನೆ: ತುಂಡಾದ ತಂತಿಯನ್ನು ಹೊಸೆದು ಟೇಪ್ ಸುತ್ತಿದರೆ ಸಾಕೇ?
ಉತ್ತರ: ಸಾಲದು. ಹೊಸೆದ ಜೋಡಣೆಯಲ್ಲಿ ಕ್ರಮೇಣ ರೋಧ ಬೆಳೆದು ತಾಪಮಾನದ ಓದು ತಪ್ಪುತ್ತದೆ. ಸರಿಯಾದ ಜೋಡಣೆ ಮಾಡಿ, ತೇವ ಸೇರದಂತೆ ಹೊದಿಕೆ ಹಾಕಿ, ಬಿಸಿ ಭಾಗಗಳಿಂದ ದೂರವಿರುವಂತೆ ಕಟ್ಟಬೇಕು.

ಪ್ರಶ್ನೆ: ನಂಜನಗೂಡು ಮತ್ತು ತಿ. ನರಸೀಪುರದ ವಾಹನ ಮಾಲೀಕರು ಯಾವ ಕಚೇರಿಗೆ ಅರ್ಜಿ ಸಲ್ಲಿಸಬೇಕು?
ಉತ್ತರ: ಅರ್ಜಿಯನ್ನು ಪರಿವಾಹನ್ ಜಾಲತಾಣದ ಮೂಲಕ ಸಲ್ಲಿಸಿ ಶುಲ್ಕ ಪಾವತಿಸಬಹುದು. ನೋಂದಣಿ ಸಂಖ್ಯೆಯ ಮೊದಲ ಭಾಗ ಕೆಎ-09 ಎಂದಿದ್ದರೆ ವಾಹನ ಮೈಸೂರು ಪಶ್ಚಿಮ ಕಚೇರಿಯಲ್ಲಿಯೂ, ಕೆಎ-55 ಎಂದಿದ್ದರೆ ಮೈಸೂರು ಪೂರ್ವ ಕಚೇರಿಯಲ್ಲಿಯೂ ನೋಂದಣಿಯಾಗಿರುತ್ತದೆ. ವಾಹನವನ್ನು ಹಾಜರುಪಡಿಸಬೇಕಾದ ಸ್ಥಳ ಮತ್ತು ದಿನಾಂಕವನ್ನು ಅರ್ಜಿಯ ಸ್ವೀಕೃತಿಯಲ್ಲಿ ನೋಡಿಕೊಳ್ಳುವುದು.

ಅರ್ಹತಾ ಪತ್ರದ ಅವಧಿ ಮುಗಿಯುವುದಕ್ಕೆ ಕನಿಷ್ಠ ಒಂದು ತಿಂಗಳು ಮುಂಚಿತವಾಗಿ ವಾಹನವನ್ನು ಪರೀಕ್ಷಿಸಿಕೊಂಡಲ್ಲಿ, ದುರಸ್ತಿಗೂ ಮರುತಪಾಸಣೆಗೂ ಸಾಕಷ್ಟು ಕಾಲಾವಕಾಶ ದೊರೆಯುತ್ತದೆ. ಸಾರ್ವಜನಿಕರು ಇದರ ಸದುಪಯೋಗ ಪಡೆದುಕೊಳ್ಳಲು ಕೋರಲಾಗಿದೆ.